ಕೃತ, ಕಾರಿತ, ಅನುಮೋದಿತ: ಶಸ್ತ್ರ ಹಿಡಿದವರೂ ಶ್ರಾವಕನ ಪಾಲೂ

ಜಪಮಾಲೆಯಲ್ಲಿ ನೂರೆಂಟು ಮಣಿಗಳೇಕೆ ಎಂದು ಮಕ್ಕಳು ಕೇಳಿದಾಗ ಮನೆಯ ಹಿರಿಯರು ಒಂದು ಲೆಕ್ಕವನ್ನು ಹೇಳುವುದುಂಟು. ಪಾಪಕಾರ್ಯವನ್ನು ಸಂಕಲ್ಪಿಸುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ಕೈಹಚ್ಚುವುದು ಆರಂಭ. ಈ ಮೂರನ್ನು ಮನ, ವಚನ, ಕಾಯಗಳಿಂದ ಗುಣಿಸಿದರೆ ಒಂಬತ್ತು. ತಾನೇ ಮಾಡುವುದು, ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು ಎಂಬ ಕೃತ, ಕಾರಿತ, ಅನುಮೋದಿತಗಳಿಂದ ಮತ್ತೆ ಗುಣಿಸಿದರೆ ಇಪ್ಪತ್ತೇಳು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ ನೂರೆಂಟು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಬರುವ ಈ ಗಣನೆಯನ್ನು ಕಂಠಪಾಠ ಮಾಡಿದವರು ಬಹಳ ಮಂದಿ. ಆದರೆ ಅದರ ಒಂದು ಉಪಲೆಕ್ಕವನ್ನು ಮಾಡಿ ನೋಡಿದವರು ಕಡಮೆ. ನೂರೆಂಟರಲ್ಲಿ ಮನುಷ್ಯನು ಸ್ವಂತ ದೇಹದಿಂದ ತಾನೇ ಮಾಡುವ ಪಾಪಗಳು ಎಷ್ಟು? ಮೂರು ಹಂತಗಳು, ನಾಲ್ಕು ಕಷಾಯಗಳು, ಒಟ್ಟು ಹನ್ನೆರಡು. ಉಳಿದ ತೊಂಬತ್ತಾರು ಬಾಗಿಲುಗಳು ಕೈಗೆ ಕತ್ತಿಯ ಹಿಡಿಯೇ ತಗಲದವನಿಗೂ ತೆರೆದಿವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜೈನ ಮನೆಗಳಲ್ಲಿ ಆಯುಧವೆಂದರೆ ಅಡಕೆಕತ್ತಿ, ತೆಂಗಿನಕಾಯಿ ಸುಲಿಯುವ ಕತ್ತಿ. ಸಂಜೆಯಾಗುವ ಮೊದಲೇ ಊಟ, ಸೋಸಿದ ನೀರು, ಗೆಡ್ಡೆಗೆಣಸುಗಳ ತ್ಯಾಗ. ಹೀಗಿರುವಾಗ ಶಸ್ತ್ರ ಹಿಡಿದ ಗುಂಪುಗಳ ವಿಚಾರವು ಶ್ರಾವಕನಿಗೆ ಸಂಬಂಧಿಸಿದ್ದೇ ಅಲ್ಲವೆಂದು ಭಾವಿಸುವುದು ಸುಲಭ. ಆದರೆ ಈ ಮೂರು ಊರುಗಳ ಸುತ್ತಣ ನೆಲದಲ್ಲಿ ಸರಕಾರದ ಸೈನ್ಯವೂ ಅಲ್ಲದ, ಸಾಮಾನ್ಯ ಕಳ್ಳರ ಕೂಟವೂ ಅಲ್ಲದ, ಒಂದು ನ್ಯಾಯದ ಹೆಸರು ಹೇಳಿ ಆಯುಧವೆತ್ತಿದ ಜನ ಒಂದಲ್ಲ, ಹಲವು ಸಲ ಕಾಣಿಸಿಕೊಂಡಿದ್ದಾರೆ. ಪ್ರತಿಸಲವೂ ಅಕ್ಕಿ ಕೊಟ್ಟವರು, ಹಣ ಕೊಟ್ಟವರು, ಸುದ್ದಿ ಕೊಟ್ಟವರು, ಶಹಭಾಸ್ ಎಂದವರು ಗೃಹಸ್ಥರೇ ಆಗಿದ್ದಾರೆ.

ಗೃಹಸ್ಥಧರ್ಮದಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವು ಎಲ್ಲರಿಗೂ ತಿಳಿದದ್ದೇ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯು ಅಣುವ್ರತಿಗೆ ಸರ್ವಥಾ ವರ್ಜ್ಯ. ಅಡುಗೆ, ಬೇಸಾಯ, ವ್ಯಾಪಾರಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಯತ್ನಾಚಾರದಿಂದ ಕಡಮೆ ಮಾಡಿಕೊಳ್ಳಬೇಕು. ಆಕ್ರಮಣಕ್ಕೆ ಬಂದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ಒಪ್ಪಿದ್ದಾರೆ. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಈ ಒಪ್ಪಿಗೆಗೆ ಎಲ್ಲೆಯನ್ನೂ ಹಾಕಿದ್ದಾರೆ: ರಣದಲ್ಲಿ ಶಸ್ತ್ರ ಹಿಡಿದು ಎದುರಾದವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ ಅರಸನು ಆಯುಧ ಪ್ರಯೋಗಿಸಬೇಕು, ದೀನನ ಮೇಲೆ, ಸದ್ಭಾವವುಳ್ಳವನ ಮೇಲೆ ಕೂಡದು. ಆ ಮಾತು ಹೇಳಿದ್ದು ಅರಸನಿಗೆ ಎಂಬುದನ್ನು ಮರೆಯಬಾರದು. ಅರಸನಲ್ಲದವನು ನ್ಯಾಯಕ್ಕಾಗಿ ಶಸ್ತ್ರವೆತ್ತಿದರೆ ಅದು ಯಾವ ಹಿಂಸೆ? ಕಷ್ಟವಿರುವುದು ಇಲ್ಲಿಯೇ. ಏಕೆಂದರೆ ಶಸ್ತ್ರ ಹಿಡಿದ ಪ್ರತಿಯೊಬ್ಬನೂ ತನ್ನದು ವಿರೋಧೀ ಹಿಂಸೆಯೆಂದೇ ಹೇಳುತ್ತಾನೆ. ಸಂಕಲ್ಪೀ ಹಿಂಸೆಯನ್ನು ಮಾಡುತ್ತಿದ್ದೇನೆಂದು ಒಪ್ಪಿಕೊಂಡ ದಳವು ಲೋಕದಲ್ಲಿ ಎಲ್ಲಿಯೂ ಇಲ್ಲ.

ಮೊದಲು ಜೈನ ಸಮಾಜವು ಅಭಿಮಾನದಿಂದ ನೆನೆಯುವ ಪ್ರಸಂಗವನ್ನೇ ಪರೀಕ್ಷಿಸುವುದು ನ್ಯಾಯ. 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾಯಿತು. ಕೊಡಗಿನ ಅರಸರ ಕೆಳಗಿದ್ದ ಅಮರ ಸುಳ್ಯ ಮೊದಲಾದ ಸೀಮೆಗಳನ್ನು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ನಗದನ್ನೇ ಕೊಡಬೇಕಾಯಿತು. ಬೆಳೆದವನು ಮಾರುವ ಹೊತ್ತಿನಲ್ಲಿ ಧಾರಣೆ ಇಳಿದಿರುತ್ತದೆ, ಕಂದಾಯದ ಕಂತು ಮಾತ್ರ ಇಳಿಯುವುದಿಲ್ಲ. ಧಾನ್ಯದ ವ್ಯಾಪಾರ ಬಲ್ಲವರಿಗೆ ಈ ಬದಲಾವಣೆಯ ಭಾರವನ್ನು ವಿವರಿಸಬೇಕಾಗಿಲ್ಲ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕೂಡಿತು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಆ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕಿತು. ನೇತ್ರಾವತಿಯ ದಡದ ನಂದಾವರದ ಲಕ್ಷ್ಮಪ್ಪ ಬಂಗರಸನು ತನ್ನವರೊಂದಿಗೆ ಅದನ್ನು ಸೇರಿದನು. ಬಂಗರು ಜೈನ ಅರಸರು. ಬಂಗಾಡಿಯಲ್ಲಿಯೂ ನಂದಾವರದಲ್ಲಿಯೂ ಅವರ ಬೀಡುಗಳಿದ್ದವು. ಹದಿಮೂರು ದಿನಗಳ ಆಳ್ವಿಕೆ ಮುಗಿದ ಮೇಲೆ ಕಂಪೆನಿಯ ಸೈನ್ಯ ಬಂತು, ವಿಚಾರಣೆಗಳು ನಡೆದವು, ಕಲ್ಯಾಣಸ್ವಾಮಿಯೂ ಬಂಗರಸನೂ ಮಂಗಳೂರಿನ ಗಲ್ಲಿಗೇರಿದರು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಾಗ ಬಂಗರಸನ ಹೆಸರೂ ಮತ್ತೆ ಜನರ ಬಾಯಲ್ಲಿ ಬಂತು.

ಅಂದಿನ ಸರಕಾರದ ದಫ್ತರದಲ್ಲಿ ಬಂಗರಸನು ದರೋಡೆಗಾರರ ಜತೆಗಾರ. ಇಂದಿನ ಪಠ್ಯದಲ್ಲಿ ಸ್ವಾತಂತ್ರ್ಯವೀರ. ಯಾರು ಗೆದ್ದರೆಂಬುದರ ಮೇಲೆ ಹೆಸರು ಬದಲಾಗುವುದಾದರೆ ಧರ್ಮವಿಚಾರಕ್ಕೆ ಆ ಹೆಸರುಗಳಿಂದ ಪ್ರಯೋಜನವಿಲ್ಲ. ಬಂಗರಸನ ಪಕ್ಷದಲ್ಲಿ ಹೇಳಬಹುದಾದದ್ದು ಇಷ್ಟು: ಅವನು ಹಗಲಿನಲ್ಲಿ ನಡೆದನು, ತನ್ನ ಹೆಸರಿನಲ್ಲಿ ನಡೆದನು, ಬಾಡಿಗೆಗೆ ಇನ್ನೊಬ್ಬರ ಮಕ್ಕಳನ್ನು ಕಳುಹಿಸಿ ತಾನು ಬೀಡಿನ ಚಾವಡಿಯಲ್ಲಿ ಕುಳಿತಿರಲಿಲ್ಲ, ಕೊನೆಗೆ ಕೊರಳನ್ನೂ ತಾನೇ ಕೊಟ್ಟನು. ಇದರಿಂದ ಹಿಂಸೆಯ ಕರ್ಮಬಂಧ ಅಳಿಯಿತೆಂದು ಯಾವ ಆಗಮವೂ ಹೇಳುವುದಿಲ್ಲ. ದೇಶಭಕ್ತಿಗೆ ಕರ್ಮದ ಪುಸ್ತಕದಲ್ಲಿ ಬೇರೆ ಖಾತೆಯಿಲ್ಲ. ವೀರನೆಂದು ಗೌರವಿಸುವುದು ಇತಿಹಾಸದ ಹಕ್ಕು. ನಿರ್ದೋಷಿಯೆಂದು ಸಾರುವ ಹಕ್ಕು ಶ್ರಾವಕನಿಗಿಲ್ಲ. ಬಂಗರಸನ ಜಯಂತಿಗೆ ಹಾರ ಹಾಕಿ, ಅದೇ ಸಂಜೆ ಎಲ್ಲ ಬಂಡಾಯಗಾರರೂ ರಾಕ್ಷಸರೆಂದು ಭಾಷಣ ಮಾಡುವುದು ಸ್ವಲ್ಪ ಅವಸರದ ಕೆಲಸ.

ಮತ್ತೊಂದು ದಂಡು ಈ ನೆಲದಲ್ಲಿ ಕಾಣಿಸಿಕೊಂಡದ್ದು ಇತ್ತೀಚೆಗೆ, ಕುದುರೆಮುಖದ ತಪ್ಪಲಿನಲ್ಲಿ. ರಾಷ್ಟ್ರೀಯ ಉದ್ಯಾನದ ಮೊದಲ ಪ್ರಕಟಣೆ 1987ರಲ್ಲಿ, ಅಂತಿಮ ಪ್ರಕಟಣೆ 2001ರಲ್ಲಿ. ಸುಮಾರು 600 ಚದರ ಕಿಲೊಮೀಟರುಗಳ ಆ ಕಾಡಿನೊಳಗೆ ತಲೆಮಾರುಗಳಿಂದ ಮಲೆಕುಡಿಯರೂ ಸಣ್ಣ ಕೃಷಿಕರೂ ಬದುಕಿದ್ದರು. ಅದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ದಶಕಗಳ ಕಾಲ ನಡೆಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಅದು ನಿಂತದ್ದು 2005ರ ಡಿಸೆಂಬರಿನ ಕೊನೆಗೆ. ಬೆಟ್ಟವನ್ನು ಯಂತ್ರದಿಂದ ಅಗೆಯುವುದು ಉದ್ಯಮ, ಮರದಿಂದ ಜೇನು ಇಳಿಸುವುದು ಅಪರಾಧ ಎಂಬ ಸ್ಥಿತಿಯನ್ನು ಕಂಡ ಬಡವನ ಮನಸ್ಸು ಕಹಿಯಾದರೆ ಆಶ್ಚರ್ಯವಿಲ್ಲ. ಒಕ್ಕಲೆಬ್ಬಿಸುವ ಭಯದ ಆ ದಿನಗಳಲ್ಲಿ ನಕ್ಸಲರು ಕಾಡು ಹೊಕ್ಕರು. 2003ರ ನವೆಂಬರ್ 17ರಂದು ನಾರಾವಿಗೆ ಹೊಂದಿಕೊಂಡ ಈದು ಗ್ರಾಮದ ಮನೆಯೊಂದರಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. ಬೆಳ್ತಂಗಡಿ ತಾಲೂಕಿನ ಜನ ಅಲ್ಲಿಯವರೆಗೆ ಆಂಧ್ರದ ಸುದ್ದಿಯೆಂದು ಓದುತ್ತಿದ್ದುದು ಅಂದು ಮನೆಯಂಗಳದ ಸುದ್ದಿಯಾಯಿತು.

ಮುಂದಿನದು ಪ್ರತೀಕಾರದ ಸರಣಿ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಾಯಕ ಸಾಕೇತ್ ರಾಜನ್ ಹತನಾದನು. ನಾಲ್ಕೇ ದಿನಗಳಲ್ಲಿ, ನೂರಾರು ಮೈಲಿ ದೂರದ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ತಂಗಿದ್ದ ಮೀಸಲು ಪಡೆಯ ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಸತ್ತವರಿಗೂ ಚಿಕ್ಕಮಗಳೂರಿನ ಕಾಡಿಗೂ ಯಾವ ಸಂಬಂಧವೂ ಇರಲಿಲ್ಲ. ವಿರೋಧೀ ಹಿಂಸೆಯ ಹೆಸರು ಇಲ್ಲಿ ಕಳಚಿಬೀಳುತ್ತದೆ, ಏಕೆಂದರೆ ಮಲಗಿದ್ದವನು ಯಾರ ಮೇಲೂ ಬಂದವನಲ್ಲ. 2008ರಲ್ಲಿ ಹೆಬ್ರಿಯ ಸೀತಾನದಿಯಲ್ಲಿ ಒಬ್ಬ ಶಾಲಾ ಅಧ್ಯಾಪಕರು, 2011ರ ಡಿಸೆಂಬರಿನಲ್ಲಿ ಕಬ್ಬಿನಾಲೆಯ ಕಾಡಿನಲ್ಲಿ ಒಬ್ಬ ಬಡ ಗ್ರಾಮಸ್ಥ, ಪೊಲೀಸರಿಗೆ ಸುದ್ದಿ ಕೊಟ್ಟರೆಂಬ ಸಂಶಯಕ್ಕೆ ಪ್ರಾಣ ತೆತ್ತರು. ಬಡವರ ಪರವಾಗಿ ಎತ್ತಿದ ಬಂದೂಕು ಬಡವನ ಎದೆಗೇ ತಿರುಗಿತು. 2011ರ ಅಕ್ಟೋಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಿನಲ್ಲಿ ನಕ್ಸಲ್ ನಿಗ್ರಹ ದಳದ ಪೇದೆಯೊಬ್ಬನು ಸತ್ತನು. ಅವನೂ ಸಂಬಳಕ್ಕೆ ಬಂದ ಯಾರದೋ ಮನೆಯ ಮಗನೇ.

ಆ ವರ್ಷಗಳಲ್ಲಿ ಕಾಡಂಚಿನ ಮನೆಗಳಿಗೆ ಕತ್ತಲಾದ ಮೇಲೆ ಬಂದೂಕು ಹಿಡಿದವರು ಬಂದು ಅಕ್ಕಿ, ಬೆಲ್ಲ, ಚಹಾಪುಡಿ ಕೇಳುತ್ತಿದ್ದುದು ಆ ಕಡೆಯ ಎಲ್ಲರಿಗೂ ತಿಳಿದ ಸಂಗತಿ. ಅಂಥ ಮನೆಯ ಯಜಮಾನನು ಶ್ರಾವಕನೆಂದು ಇಟ್ಟುಕೊಳ್ಳಬಹುದು. ಅವನು ಎರಡು ಸೇರು ಕುಚ್ಚಲಕ್ಕಿ ಅಳೆದು ಕೊಟ್ಟರೆ ಅದು ದಾನವೇ, ದಂಡವೇ, ಹಿಂಸೆಯ ಪಾಲೇ? ಬೆಳಗಾದರೆ ಪೊಲೀಸರು ಬಂದು ಕೇಳುತ್ತಾರೆ: ಕೊಟ್ಟೆಯಾ? ಯಾವ ಕಡೆ ಹೋದರು?

ಅಕ್ಕಿಯ ಪ್ರಶ್ನೆ ಅಷ್ಟು ಕಠಿಣವಲ್ಲ. ಪಾತ್ರದಾನಕ್ಕೆ ಪಾತ್ರನ ಯೋಗ್ಯತೆ ನೋಡಬೇಕು. ಕರುಣಾದಾನಕ್ಕೆ ಹಸಿವೊಂದೇ ಸಾಕು. ಹಸಿದವನ ಹೆಗಲಲ್ಲಿ ಬಂದೂಕು ಇದ್ದ ಮಾತ್ರಕ್ಕೆ ಅವನ ಹೊಟ್ಟೆ ಬೇರೆಯಾಗುವುದಿಲ್ಲ. ಇನ್ನು ಭಯದಿಂದ ಕೊಟ್ಟದ್ದಾದರೆ ಅದರಲ್ಲಿ ಅನುಮೋದನೆಯೇ ಇಲ್ಲ, ಏಕೆಂದರೆ ಅನುಮೋದನೆಗೆ ಮನಸ್ಸಿನ ಸಂತೋಷ ಬೇಕು. ಆದರೆ ಅಕ್ಕಿಯ ಜೊತೆಗೆ ‘ಆಚೆಯ ಮನೆಯವನು ಠಾಣೆಗೆ ಹೋಗಿಬರುತ್ತಾನೆ’ ಎಂಬ ಒಂದು ಮಾತು ಹೊರಟರೆ ಲೆಕ್ಕವು ಪೂರ್ತಿ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಕೊಡಲಿ, ಖಡ್ಗ, ಬೆಂಕಿ, ಸರಪಳಿ ಮುಂತಾದ ವಧಸಾಧನಗಳನ್ನು ಕೊಡುವುದನ್ನು ಹಿಂಸಾದಾನವೆಂದು ಕರೆದರು. ಸೀತಾನದಿ, ಕಬ್ಬಿನಾಲೆಗಳಲ್ಲಿ ಆದದ್ದನ್ನು ನೋಡಿದರೆ, ಕೊಡಲಿಗಿಂತ ಹರಿತವಾದ ವಧಸಾಧನ ಸುದ್ದಿಯೇ ಆಗಿತ್ತು.

ಪೊಲೀಸರ ಪ್ರಶ್ನೆಗೆ ಉತ್ತರವೇನು? ಸತ್ಯಾಣುವ್ರತದ ಲಕ್ಷಣದಲ್ಲಿಯೇ ಆಚಾರ್ಯರು ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಇದನ್ನು ಹಿಡಿದು ಕೆಲವರು ‘ಎರಡೂ ಕಡೆಗೆ ಮೌನವೇ ಧರ್ಮ’ ಎನ್ನುತ್ತಾರೆ. ಈ ತೀರ್ಮಾನ ಅರ್ಧ ಮಾತ್ರ ಸರಿ. ಓಡುತ್ತಿರುವವನನ್ನು ಕೊಲ್ಲಿಸುವ ಸತ್ಯವನ್ನು ನುಂಗಿಕೊಳ್ಳಬಹುದು. ಆದರೆ ನಾಳೆ ಇಂಥವನ ಮನೆಗೆ ಹೋಗುತ್ತೇವೆಂದು ಬಂದೂಕಿನವರು ಆಡಿದ್ದನ್ನು ಕೇಳಿಯೂ ನುಂಗಿಕೊಂಡವನ ಮೌನವು ವ್ರತವಲ್ಲ, ಪ್ರಮಾದ. ಪ್ರಮಾದದ ಯೋಗದಿಂದ ಪ್ರಾಣಹರಣವಾದರೆ ಅದೇ ಹಿಂಸೆಯೆಂದು ಉಮಾಸ್ವಾಮಿಗಳ ವ್ಯಾಖ್ಯೆ. ಸಾಯಲಿರುವವನು ಯಾರು ಎಂಬುದರ ಮೇಲೆ ಬಾಯಿ ತೆರೆಯಬೇಕೋ ಮುಚ್ಚಬೇಕೋ ಎಂಬುದು ನಿಲ್ಲುತ್ತದೆ. ಕೇಳುವವನು ಖಾಕಿ ತೊಟ್ಟಿದ್ದಾನೋ ಇಲ್ಲವೋ ಎಂಬುದರ ಮೇಲಲ್ಲ.

ಸರಕಾರಕ್ಕೂ ಈ ತಕ್ಕಡಿ ಅನ್ವಯಿಸಬೇಕು. 2012ರ ಮಾರ್ಚಿನಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ಯುವಕನೊಬ್ಬನನ್ನು, ಮಂಗಳೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು, ಅವನ ತಂದೆಯೊಂದಿಗೆ ಬಂಧಿಸಿ ನಕ್ಸಲ್ ನಂಟಿನ ಮೊಕದ್ದಮೆ ಹೂಡಲಾಯಿತು. ಸಾಕ್ಷ್ಯವಾಗಿ ಹಾಜರಾದದ್ದು ಭಗತ್ ಸಿಂಗನ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಮೂಲಸೌಕರ್ಯ ಬರುವವರೆಗೆ ಚುನಾವಣೆಯನ್ನು ಬಹಿಷ್ಕರಿಸಬೇಕೆಂಬ ಪತ್ರ. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತು ವರ್ಷಗಳು. ರಸ್ತೆ ಕೇಳಿದವನನ್ನೂ ಬಂದೂಕು ಹಿಡಿದವನನ್ನೂ ಒಂದೇ ಕಟ್ಟಿಗೆ ಕಟ್ಟಿದರೆ, ಎರಡನೆಯವನಿಗೆ ಹೊಸಬರನ್ನು ಕೂಡಿಸಿಕೊಡುವ ಕೆಲಸವನ್ನು ಸರಕಾರವೇ ಮಾಡಿದಂತೆ.

ಇಲ್ಲಿ ವರ್ತಕನು ತನ್ನನ್ನೂ ಕೇಳಿಕೊಳ್ಳಬೇಕಾದ ಮಾತೊಂದಿದೆ. ಕಾಡಿನ ಜೇನು, ಸೀಗೆಕಾಯಿ, ರಾಮಪತ್ರೆ ತಲೆಹೊರೆಯಲ್ಲಿ ಇಳಿದು ಬರುತ್ತಿದ್ದುದು ಪೇಟೆಯ ಅಂಗಡಿಗಳಿಗೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಒಂದು: ಕೊಳ್ಳುವಾಗ ದೊಡ್ಡ ಕಲ್ಲು, ಕೊಡುವಾಗ ಸಣ್ಣ ಕಲ್ಲು. ತಕ್ಕಡಿಯ ಮುಂದೆ ನಿಂತ ಮಲೆಕುಡಿಯನಿಗೆ ಸಂದ ತೂಕವೂ ಬೆಲೆಯೂ ನ್ಯಾಯವಾದದ್ದೇ ಎಂಬುದನ್ನು ಹಳೆಯ ರೋಜನಾಮೆಗಳೇ ಹೇಳಬೇಕು. ಕಾಡಿನಲ್ಲಿ ಬಂದೂಕು ಸಿಡಿದ ಮೇಲೆ ಅಹಿಂಸೆಯ ಉಪದೇಶ ಮಾಡುವವನು ಅದಕ್ಕೆ ಮೊದಲು ತೂಕದ ಕಲ್ಲನ್ನು ನೋಡಿಕೊಂಡಿದ್ದರೆ ಉಪದೇಶಕ್ಕೆ ಬೆಲೆ ಬರುತ್ತಿತ್ತು.

ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಷಯಕ್ಕೆ ನೇರವಾಗಿ ತಾಗುವ ಎರಡು ವಿಚಾರಗಳಿವೆ. ಮೊದಲನೆಯದು: ಒಂದು ಹಿಂಸ್ರಜೀವಿಯನ್ನು ಕೊಂದರೆ ಅನೇಕ ಜೀವಿಗಳ ರಕ್ಷಣೆಯಾಗುತ್ತದೆಂಬ ತರ್ಕದಿಂದ ಕೊಲ್ಲಬಾರದು. ವರ್ಗಶತ್ರುವೊಬ್ಬನನ್ನು ತೆಗೆದರೆ ಸಾವಿರ ಬಡವರು ಬದುಕುತ್ತಾರೆಂಬ ಕ್ರಾಂತಿಕಾರಿಯ ವಾದವೂ, ಕ್ರಾಂತಿಕಾರಿಯೊಬ್ಬನನ್ನು ಹಿಡಿಯದೆ ಮುಗಿಸಿದರೆ ಊರು ನೆಮ್ಮದಿಯಾಗಿರುತ್ತದೆಂಬ ವಾದವೂ ಇಲ್ಲಿ ಒಟ್ಟಿಗೆ ಬೀಳುತ್ತವೆ. ಎರಡನೆಯದು ಫಲದ ವಿಚಾರ: ಒಬ್ಬನು ಹಿಂಸೆ ಮಾಡಿದರೂ ಫಲಭಾಗಿಗಳು ಹಲವರಾಗಬಹುದು, ಹಲವರು ಮಾಡಿದರೂ ಫಲವು ಒಬ್ಬನಿಗೇ ಸೇರಬಹುದು, ಮಾಡದೆಯೂ ಒಬ್ಬನು ಫಲವನ್ನು ಹೊರಬಹುದು. ಮನಸ್ಸಿನ ಕಷಾಯವು ಎಲ್ಲಿ ತೀವ್ರವೋ ಅಲ್ಲಿಗೆ ಖರ್ಚು ಬೀಳುತ್ತದೆ. ಕಟಕಟೆಯಲ್ಲಿ ನಿಲ್ಲುವವನು ಕತ್ತಿ ಹಿಡಿದವನು ಮಾತ್ರ. ಆಚಾರ್ಯರ ಕಟಕಟೆ ಇನ್ನೂ ಉದ್ದವಾದದ್ದು.

ಅದು ಎಷ್ಟು ಉದ್ದವಾಗಬಹುದೆಂಬುದನ್ನು ರಷ್ಯದ ಇತ್ತೀಚಿನ ಚರಿತ್ರೆ ತೋರಿಸುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಹೂಡಿದ ಆ ದೇಶದಲ್ಲಿ ಬಾಡಿಗೆ ಸೈನಿಕವೃತ್ತಿ ಕಾನೂನಿನ ಪ್ರಕಾರ ಅಪರಾಧ. ಆದರೂ ವಾಗ್ನರ್ ಎಂಬ ಖಾಸಗಿ ಪಡೆ ಸರಕಾರದ ಕಣ್ಣೆದುರಿಗೇ ಬೆಳೆಯಿತು. ಅದರ ಯಜಮಾನ ಯೆವ್ಗೆನಿ ಪ್ರಿಗೋಜಿನ್ ಊಟದ ಗುತ್ತಿಗೆಗಳಿಂದ ಸಿರಿವಂತನಾದವನು. ಅವನು ಸೆರೆಮನೆಗಳಿಗೆ ಹೋಗಿ, ಆರು ತಿಂಗಳು ಕಾದಾಡಿ ಬದುಕಿ ಬಂದರೆ ಶಿಕ್ಷೆ ಮಾಫಿ ಎಂಬ ಕರಾರಿನಲ್ಲಿ ಕೈದಿಗಳನ್ನು ರಣರಂಗಕ್ಕೆ ಒಯ್ದನು. 2022ರ ನವೆಂಬರಿನಲ್ಲಿ, ಪಕ್ಷ ಬದಲಿಸಿದ ಒಬ್ಬ ಕೈದಿಯನ್ನು ಸಮ್ಮಟಿಗೆಯಿಂದ ಹೊಡೆದು ಕೊಲ್ಲುವ ಚಿತ್ರ ಹರಿದಾಡಿತು. ಸಾಮಾನ್ಯ ಜನ ಹೇಸಿಕೊಳ್ಳಬೇಕಾಗಿತ್ತು. ಬದಲಿಗೆ ಸಮ್ಮಟಿಗೆಯು ಆ ಪಡೆಯ ಲಾಂಛನವಾಯಿತು, ಅಭಿಮಾನಿಗಳಿಗಾಗಿ ಸ್ಮರಣಿಕೆಯಾಗಿ ಮಾರಾಟವಾಯಿತು. 2023ರ ಜೂನ್ 23, 24ರಂದು ಅದೇ ಪಡೆ ರೊಸ್ತೊವ್ ನಗರದ ಸೇನಾ ಕೇಂದ್ರವನ್ನು ಹಿಡಿದು ರಾಜಧಾನಿ ಮಾಸ್ಕೋದತ್ತ ಹೊರಟಾಗ ಸಾಕಿದವರೇ ನಡುಗಿದರು. ಎರಡು ತಿಂಗಳಿಗೆ ಸರಿಯಾಗಿ, ಆಗಸ್ಟ್ 23ರಂದು, ಪ್ರಿಗೋಜಿನ್ ವಿಮಾನ ಪತನದಲ್ಲಿ ಸತ್ತನು. ಸಮ್ಮಟಿಗೆಯ ಸ್ಮರಣಿಕೆ ಕೊಂಡು ಮನೆಯ ಕಪಾಟಿನಲ್ಲಿಟ್ಟವನು ಯಾರನ್ನೂ ಹೊಡೆದವನಲ್ಲ. ಅವನಿರುವುದು ತೊಂಬತ್ತಾರರ ಪಟ್ಟಿಯಲ್ಲಿ.

ಭಾರತದಲ್ಲಿಯೂ ಛತ್ತೀಸಗಢದ ಸರಕಾರ ನಕ್ಸಲರ ವಿರುದ್ಧ ಹಳ್ಳಿಯ ಯುವಕರ ಕೈಗೇ ಆಯುಧ ಕೊಟ್ಟದ್ದನ್ನು ಸುಪ್ರೀಂ ಕೋರ್ಟು 2011ರ ಜುಲೈಯಲ್ಲಿ ಸಂವಿಧಾನಕ್ಕೆ ವಿರುದ್ಧವೆಂದು ನಿಲ್ಲಿಸಿತು. ಕೋರ್ಟು ತಡೆಯಬಲ್ಲದ್ದು ಸರಕಾರದ ಕೈಯನ್ನು. ನಾಗರಿಕನ ಮೆಚ್ಚುಗೆಯನ್ನು ತಡೆಯುವ ಕೋರ್ಟು ಇಲ್ಲ.

ಮೆಚ್ಚುಗೆಯ ಮಾತು ಬಂದಾಗ ರಷ್ಯದವರೆಗೆ ಹೋಗಬೇಕಾಗಿಯೂ ಇಲ್ಲ. 1837ರ ದಂಡು ಖಜಾನೆ ಒಡೆದ ಅದೇ ಬೆಳ್ಳಾರೆಯಲ್ಲಿ 2022ರ ಜುಲೈಯಲ್ಲಿ ಒಬ್ಬ ಮುಸ್ಲಿಂ ಯುವಕನೂ, ಕೆಲವೇ ದಿನಗಳಲ್ಲಿ ಒಬ್ಬ ಹಿಂದೂ ಯುವಕನೂ, ಅದರ ಬೆನ್ನಿಗೇ ಸುರತ್ಕಲ್ಲಿನಲ್ಲಿ ಮತ್ತೊಬ್ಬ ಮುಸ್ಲಿಂ ಯುವಕನೂ ಕೊಲೆಯಾದರು. ಹತ್ತು ದಿನಗಳೊಳಗೆ ಮೂರು ಹೆಣಗಳು. ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪಾಪ್ಯುಲರ್ ಫ್ರಂಟ್ ಸಂಘಟನೆಯನ್ನು ಐದು ವರ್ಷಗಳ ಮಟ್ಟಿಗೆ ನಿಷೇಧಿಸಿತು. ಸುರತ್ಕಲ್ ಪ್ರಕರಣದ ಪ್ರಮುಖ ಆರೋಪಿಯಾಗಿದ್ದವನು 2025ರ ಮೇ 1ರಂದು ಬಜಪೆಯಲ್ಲಿ ಹತನಾದನು. ಮೇ 27ರಂದು ಬಂಟ್ವಾಳ ತಾಲೂಕಿನಲ್ಲಿ, ಮರಳು ಇಳಿಸಲು ಹೋಗಿದ್ದ ಪಿಕಪ್ ವಾಹನದ ಚಾಲಕನನ್ನು ಕಡಿದು ಕೊಂದರು. ಅನಂತರ ಸರಕಾರ ಕರಾವಳಿಯ ಜಿಲ್ಲೆಗಳಿಗೂ ಶಿವಮೊಗ್ಗಕ್ಕೂ ಕೋಮುಹಿಂಸೆ ತಡೆಯುವ ವಿಶೇಷ ಕಾರ್ಯಪಡೆಯನ್ನು ರಚಿಸಿತು. ಮೊಕದ್ದಮೆಗಳ ತೀರ್ಪು ನ್ಯಾಯಾಲಯಗಳ ಕೆಲಸ. ಶ್ರಾವಕನ ಚಿಂತೆಗೆ ಸೇರಿದ್ದು ಆ ದಿನಗಳಲ್ಲಿ ಸಜ್ಜನರ ಮನೆಗಳಲ್ಲಿ ನಡೆದದ್ದು: ಕೈದೂರವಾಣಿಯಲ್ಲಿ ಬಂದ ಹೆಣದ ಚಿತ್ರವನ್ನು ಇನ್ನೊಬ್ಬರಿಗೆ ದಾಟಿಸುವುದು, ‘ಒಂದಕ್ಕೆ ಒಂದು ಸರಿಹೋಯಿತು’ ಎನ್ನುವುದು, ‘ಈ ಸಲ ಅವರದು ಬಾಕಿ’ ಎಂದು ಕ್ರಿಕೆಟ್ ಆಟದಂತೆ ಎಣಿಸುವುದು.

ಜೈನರು ಈ ಜಗಳದಲ್ಲಿ ಯಾವ ಪಕ್ಷವೂ ಅಲ್ಲವೆಂಬ ಸಮಾಧಾನ ಸಮಾಜದಲ್ಲಿದೆ. ಪಕ್ಷವಲ್ಲದಿದ್ದರೂ ಪ್ರೇಕ್ಷಕರು ಹೌದು, ಮತ್ತು ಪ್ರೇಕ್ಷಕನ ಪಾಪವನ್ನು ಸಮಂತಭದ್ರರು ಹೆಸರಿಟ್ಟೇ ಹೇಳಿದ್ದಾರೆ. ದ್ವೇಷದಿಂದ ಪರರ ವಧ, ಬಂಧನ, ಛೇದಗಳನ್ನು ಮನಸ್ಸಿನಲ್ಲಿ ಬಯಸುವುದು ಅಪಧ್ಯಾನ. ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲಕುವ ಮಾತುಗಳನ್ನು ಕೇಳುತ್ತ ಕೂರುವುದು ದುಃಶ್ರುತಿ. ಇವನ್ನು ಅನರ್ಥದಂಡವೆಂದು ಕರೆದ ಕಾರಣವೂ ಗಮನಾರ್ಹ: ಅವುಗಳಿಂದ ಯಾವ ಪ್ರಯೋಜನವೂ ಇಲ್ಲ. ಬೇಸಾಯದ ಹಿಂಸೆಯಿಂದ ಅನ್ನವಾದರೂ ಸಿಗುತ್ತದೆ. ಕೊಲೆಯ ಚಿತ್ರ ನೋಡಿ ಸಂತೋಷಪಟ್ಟವನಿಗೆ ಏನೂ ಸಿಗುವುದಿಲ್ಲ, ಬಂಧ ಮಾತ್ರ ಉಳಿಯುತ್ತದೆ. ವ್ಯಾಪಾರದ ಭಾಷೆಯಲ್ಲಿ ಇದು ಮಾಲು ಬಾರದೆ ಹಣ ಹೋದ ವ್ಯವಹಾರ. ವಿವೇಕಿಯಾದ ವರ್ತಕನು ಇಷ್ಟು ನಷ್ಟದ ಸರಕನ್ನು ದಿನಕ್ಕೆ ಹತ್ತು ಸಲ ಏಕೆ ಕೊಳ್ಳುತ್ತಾನೋ!

ಹಣದ ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ರಶೀದಿ ಪುಸ್ತಕ ಹಿಡಿದು ಹತ್ತು ಮಂದಿ ಯುವಕರು ಅಂಗಡಿಯ ಮುಂದೆ ನಿಲ್ಲುತ್ತಾರೆ. ಉತ್ಸವಕ್ಕೆಂದು ಕೊಟ್ಟ ಚಂದಾ ಉತ್ಸವಕ್ಕೇ ಹೋಗುತ್ತದೆಯೋ, ಜಾಮೀನಿಗೆ ಹೋಗುತ್ತದೆಯೋ, ಇನ್ನೂ ಕೆಟ್ಟದ್ದಕ್ಕೋ ಕೊಟ್ಟವನಿಗೆ ತಿಳಿಯದು. ಕೊಡದಿದ್ದರೆ ಅಂಗಡಿಯ ಗಾಜು ಉಳಿದೀತೇ ಎಂಬ ಭಯವನ್ನು ತಮಾಷೆ ಮಾಡಬಾರದು. ಅದು ನಿಜವಾದ ಭಯ. ಕಾಡಂಚಿನ ಮನೆಯ ಅಕ್ಕಿಗೂ ಇದಕ್ಕೂ ಇರುವ ಭೇದ ಒಂದೇ: ಅಲ್ಲಿ ಹಸಿವಿತ್ತು, ಇಲ್ಲಿ ಹಸಿವಿಲ್ಲ. ಭಯದಿಂದ ಕೊಟ್ಟರೆ ಭಯವೆಂದೇ ಬರೆದಿಡಬೇಕು. ಅದನ್ನು ಧರ್ಮಾದಾಯದ ಕಲಮಿನಲ್ಲಿ ಬರೆದು, ವರ್ಷದ ಕೊನೆಗೆ ದಾನದ ಮೊತ್ತದಲ್ಲಿ ಕೂಡಿಸಿಕೊಳ್ಳುವುದು ಸುಳ್ಳು ಲೆಕ್ಕ. ಬಸದಿಯ ಆಡಳಿತ ಮಂಡಳಿಗಳಿಗಂತೂ ಭಯದ ಈ ವಿನಾಯಿತಿಯೂ ಇಲ್ಲ. ಅವರ ಕೈಯಲ್ಲಿರುವುದು ಸ್ವಂತ ಹಣವಲ್ಲ. ಬಸದಿಯ ಸಭಾಂಗಣವನ್ನು ಯಾರ ಭಾಷಣಕ್ಕೆ ಕೊಡಲಾಯಿತು, ಆ ಭಾಷಣದಲ್ಲಿ ಯಾರನ್ನು ಕಡಿಯಬೇಕೆಂದು ಕೂಗಲಾಯಿತು ಎಂಬುದನ್ನು ಬಾಡಿಗೆಯ ರಶೀದಿ ಹರಿದುಕೊಟ್ಟ ಮಾತ್ರಕ್ಕೆ ಮರೆಯಲಾಗದು. ಸಭಾಂಗಣವೂ ಹಿಂಸಾದಾನದ ವಸ್ತುವಾಗಬಲ್ಲದು.

ಭರತ ಬಾಹುಬಲಿಯರ ಕಥೆಯಲ್ಲಿ ಯುದ್ಧಕ್ಕೆ ಮೊದಲು ಮಂತ್ರಿಗಳು ಆಡಿದ ಮಾತು ಈ ಸಂದರ್ಭದಲ್ಲಿ ನೆನಪಾಗುತ್ತದೆ. ಜಗಳ ಇಬ್ಬರು ಅಣ್ಣತಮ್ಮಂದಿರದು, ಸೈನಿಕರು ಏಕೆ ಸಾಯಬೇಕೆಂದು ಅವರು ತಡೆದರು. ಆದ್ದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಜಗಳವಿದ್ದವರೇ ಕಣಕ್ಕೆ ಇಳಿದರು. ಸೇನೆಗಳು ನಿಂತು ನೋಡಿದವು. ಕರಾವಳಿಯಲ್ಲಿ ಈಗ ಆ ಕ್ರಮ ತಿರುಗಿಬಿದ್ದಿದೆ. ಜಗಳವಿದ್ದವರು ವೇದಿಕೆಯಲ್ಲಿ ಕುಳಿತಿರುತ್ತಾರೆ. ಸಾಯುವವರೂ ಜೈಲಿಗೆ ಹೋಗುವವರೂ ದಿನಗೂಲಿಯ ಮನೆಗಳ ಇಪ್ಪತ್ತು, ಮೂವತ್ತರ ಪ್ರಾಯದವರು. ಅವರ ತಾಯಂದಿರು ಬೀಡಿ ಕಟ್ಟಿ ವಕೀಲರ ಶುಲ್ಕ ಕೂಡಿಸುತ್ತಾರೆ.

1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದ ವೇಣೂರಿನ ಬಾಹುಬಲಿಗೆ 2024ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅದೇ ವರ್ಷದ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡನು ಪೊಲೀಸರ ಗುಂಡಿಗೆ ಸತ್ತನು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ಫೆಬ್ರವರಿಯ ಆರಂಭದಲ್ಲಿ ಉಳಿದಿಬ್ಬರ ಶರಣಾಗತಿಯೂ ಆಯಿತು. ಗೆಲ್ಲುವ ಮುಷ್ಟಿಯನ್ನು ಎತ್ತಿ ನಿಂತಾಗಲೇ ಬಾಹುಬಲಿಗೆ ವೈರಾಗ್ಯ ಬಂತು. ಇವರು ಆಯುಧವಿಟ್ಟದ್ದು ಬಹುಶಃ ದಣಿವಿನಿಂದ, ಸೋಲಿನಿಂದ. ಎರಡೂ ಒಂದಲ್ಲ. ಆದರೂ ಕೆಳಗಿಟ್ಟ ಬಂದೂಕು ಕೆಳಗಿಟ್ಟದ್ದೇ.

ಆ ಆರು ಮಂದಿಯಲ್ಲಿ ಒಬ್ಬಳು ಕುತ್ಲೂರಿನ ಸುಂದರಿ. 2010ರ ಮಾರ್ಚಿನಲ್ಲಿ ಕಾರ್ಕಳ ತಾಲೂಕಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಯುವಕನೊಬ್ಬನೂ, ಒಂಬತ್ತು ವರ್ಷ ಮೊಕದ್ದಮೆ ಎದುರಿಸಿ ಬಿಡುಗಡೆಯಾದ ವಿದ್ಯಾರ್ಥಿಯೂ ಅದೇ ಊರಿನವರು. ಒಂದೇ ಊರಿನಿಂದ ಒಬ್ಬ ಹೆಣವಾಗಿ, ಒಬ್ಬ ಆರೋಪಿಯಾಗಿ, ಒಬ್ಬಳು ಶರಣಾಗತೆಯಾಗಿ ಹೊರಬಂದರು. ಶರಣಾದವರ ಮೇಲಿನ ಪ್ರಕರಣಗಳನ್ನು ನ್ಯಾಯಾಲಯಗಳು ನೋಡಿಕೊಳ್ಳುತ್ತವೆ, ಪುನರ್ವಸತಿಯ ಹಣವನ್ನು ಸರಕಾರ ಕೊಡುತ್ತದೆ. ಆ ಊರಿನವರು ಸಾಮಾನು ಕೊಳ್ಳಲು ಇಳಿದು ಬರುವುದು ನಾರಾವಿ, ವೇಣೂರುಗಳ ಪೇಟೆಗೆ. ಅಲ್ಲಿ ಜೈನರ ಅಂಗಡಿಗಳಿವೆ, ಬಸದಿಗಳಿವೆ, ಶ್ರಾವಕರ ತೋಟಗಳಲ್ಲಿ ಕೆಲಸವೂ ಇದೆ. ಕುತ್ಲೂರಿನವನೆಂದು ತಿಳಿದ ಮೇಲೆ ಆ ಅಂಗಡಿಯಲ್ಲಿ ಸಾಲ ಹುಟ್ಟುತ್ತದೆಯೇ, ಆ ತೋಟದಲ್ಲಿ ಕೆಲಸ ಸಿಗುತ್ತದೆಯೇ ಎಂಬುದನ್ನು ಯಾವ ಸರಕಾರಿ ಆದೇಶವೂ ನಿರ್ಧರಿಸಲಾರದು.